ಎಳೆ ಕಡಿದರೆ ಮಗ್ಗ ನಿಲ್ಲಬೇಕು

2025ರ ಜುಲೈ ಕೊನೆಯ ವಾರ. ರಾತ್ರಿ ಒಂದು ಗಂಟೆ ದಾಟಿತ್ತು. ಅಪ್ಪನ ಕೋಣೆಯಿಂದ ಬಿಡದೆ ಬರುತ್ತಿದ್ದ ಬೀಪ್ ಸದ್ದಿಗೆ ಎಚ್ಚರವಾಯಿತು. ಫ್ಯಾನ್ ನಿಂತಿತ್ತು. ಬೀದಿದೀಪವೂ ಇರಲಿಲ್ಲ. ಹೊರಗೆ ಆಡಿ ತಿಂಗಳ ಗಾಳಿ ಶೆಡ್ಡಿನ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆ ಗಾಳಿಗೆ ಕಂಬದ ತಂತಿ ಎಲ್ಲೋ ಕಡಿದಿತ್ತು.

ಬೀಪ್ ಎನ್ನುತ್ತಿದ್ದುದು ಆಮ್ಲಜನಕದ ಯಂತ್ರ. ಅಪ್ಪ ಅದರ ಕೊಳವೆಯನ್ನು ಮೂಗಿಗೆ ಹಾಕಿಕೊಂಡು ಮಲಗುವುದು ಶುರುವಾಗಿ ಆಗಲೇ ವರ್ಷವಾಗಿತ್ತು. ನಲವತ್ತು ವರ್ಷ ಹತ್ತಿಯ ಧೂಳಿನಲ್ಲಿ ನಿಂತವರ ಎದೆ ಅದು. ಯಂತ್ರಕ್ಕೆ ಬೇಕಾದದ್ದು ಹೆಚ್ಚೆಂದರೆ 350 ವಾಟ್. ಗೋಡೆಯ ಮೇಲೆ ಐದು ಯೂನಿಟ್ ಹಿಡಿಯುವ ಬ್ಯಾಟರಿ ಇತ್ತು. ಸಂಜೆ ತುಂಬಿದ್ದರೆ ಬೆಳಗಿನವರೆಗೆ ಧಾರಾಳವಾಗಿ ಸಾಲಬೇಕು. ನಾನು ಫೋನ್ ತೆಗೆದು ನೋಡಿದೆ. ಬ್ಯಾಟರಿ ಶೇಕಡಾ 96 ಎಂದಿತ್ತು. ಹಾಗಾದರೆ ಯಂತ್ರದ ಪ್ಲಗ್ಗೇ ಸಡಿಲವಾಗಿರಬೇಕೆಂದು ಅದನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಬೇರೆ ಸಾಕೆಟ್ಟಿಗೆ ಹಾಕಿದೆ. ಮತ್ತೆ ಫೋನ್ ನೋಡಿದೆ. ಆಗಲೂ 96.

ಅಷ್ಟು ಹೊತ್ತಿಗೆ ಅಮ್ಮ ಟಾರ್ಚ್ ಹಿಡಿದು ಬಂದು, ಅಪ್ಪನ ಮುಖ ನೋಡಿ, ಮಂಚದ ಕೆಳಗಿನ ಸಣ್ಣ ಸಿಲಿಂಡರ್ ಎಳೆದು ಕೀಲಿ ತಿರುಗಿಸಿಯಾಗಿತ್ತು. ಅಪ್ಪನ ತುಟಿ ನೀಲಿಗೆ ತಿರುಗಿತ್ತು. ಉಸಿರು ಹತೋಟಿಗೆ ಬರಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನಾನು ಅವರ ಕೈ ಹಿಡಿದು ಕೂತಿದ್ದೆ. ಕರೆಂಟ್ ಬಂದದ್ದು ಬೆಳಗಿನ ನಾಲ್ಕೂವರೆಗೆ. ಇನ್ವರ್ಟರಿನ ಮುಂದೆ ಹೋಗಿ ನಿಂತು ಅದರದೇ ಪುಟ್ಟ ಪರದೆ ನೋಡಿದೆ. ಬ್ಯಾಟರಿ ಶೇಕಡಾ 10.

ನಮ್ಮದು ಪಲ್ಲಡಂ ಸೀಮೆಯ ನೇಕಾರರ ಊರು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾಗುವವರೆಗೆ ಕೊಯಮತ್ತೂರಿಗೆ ಸೇರಿತ್ತು. ನಾವು ದೇವಾಂಗರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವರಲ್ಲಿ, ನೆಗಮಂನಲ್ಲಿ ಹತ್ತಿ ಸೀರೆ ನೇಯುವವರಲ್ಲಿ ನಮ್ಮ ಮಾತಿನವರು ತುಂಬ ಇದ್ದಾರೆ. ನಾನು ಓದಿದ್ದು ತಮಿಳಿನಲ್ಲಿ. ಬೆಂಗಳೂರಿನಲ್ಲಿ ಆರು ವರ್ಷ ಕೆಲಸಕ್ಕಿದ್ದಾಗ ಬಸ್ಸಿನ ಬೋರ್ಡು ಓದುತ್ತಾ ಮನೆಮಾತಿನ ಅಕ್ಷರ ಕಲಿತೆ. ಅಪ್ಪನಿಗೆ ನಿಂತು ಕೆಲಸ ಮಾಡಲು ಆಗದಾದಾಗ ಊರಿಗೆ ಮರಳಿ ಶೆಡ್ಡಿನ ಆರು ಪವರ್‌ಲೂಮ್ ನೋಡಿಕೊಳ್ಳತೊಡಗಿದೆ. ಕೂಲಿಗೆ ಕಾಡಾ (ಬಿಳುಪು ಮಾಡದ) ಬಟ್ಟೆ ನೇಯುವ ಮಗ್ಗಗಳು ಅವು.

ಈ ಸೀಮೆಯಲ್ಲಿ ದಾರ ಮತ್ತು ಕರೆಂಟ್ ಒಂದನ್ನೊಂದು ಬಿಟ್ಟು ಬದುಕಿಲ್ಲ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ ಇಳಿದು ಬಂದ ಮೇಲೆಯೇ ಕೊಯಮತ್ತೂರಿನ ಗಿರಣಿಗಳು ಸಾಲುಗಟ್ಟಿದ್ದು. ಈಗ ಪಲ್ಲಡಂನಿಂದ ಉಡುಮಲಪೇಟೆಯವರೆಗೆ ಬಯಲಿನ ತುಂಬ ಗಾಳಿಯಂತ್ರ, ಮಾಳಿಗೆಗಳ ಮೇಲೆ ಸೋಲಾರ್ ಫಲಕ. 2024ರ ಫೆಬ್ರುವರಿಯಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂದು, ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವೆಂದಾಗ ನಾವೂ ಹಾಕಿಸಿದೆವು. ಬ್ಯಾಟರಿಗೆ ಕೈಯಿಂದ ದುಡ್ಡು ಸೇರಿಸಿದೆ. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್, ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ತಂತಿ ಕಟ್ಟುವವನಿಗೆ ನಮ್ಮ ಮಾಳಿಗೆಯಿಂದ ಕರೆಂಟ್ ಹರಿದು ಹೊಡೆಯಬಾರದೆಂದು ಮಾಡಿದ ಏರ್ಪಾಡು ಅದು. ಅಪ್ಪನ ಯಂತ್ರಕ್ಕೆ ಕತ್ತಲಲ್ಲೂ ಕರೆಂಟ್ ಬೇಕಿತ್ತು. ಬ್ಯಾಟರಿ ತಂದದ್ದು ಅದೊಂದೇ ಕಾರಣಕ್ಕೆ.

ಆಮೇಲೆ ನಾನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ತಂದು ಅದಕ್ಕೆ ಹೋಮ್ ಅಸಿಸ್ಟೆಂಟ್ ಹಾಕಿದೆ. ಮನೆಯ ಯಂತ್ರಗಳನ್ನೆಲ್ಲ ಒಂದೆಡೆ ಸೇರಿಸಿ ನೋಡಿಕೊಳ್ಳುವ ಉಚಿತ ತಂತ್ರಾಂಶ ಅದು. ಇನ್ವರ್ಟರಿನ ಬದಿಗೆ ಹೆಬ್ಬೆರಳಿನಷ್ಟು ದೊಡ್ಡ ವೈಫೈ ಕಡ್ಡಿ ಚುಚ್ಚಿರುತ್ತದೆ. ಬಿಸಿಲು ಎಷ್ಟು, ಬ್ಯಾಟರಿ ಎಷ್ಟು ಎಂಬ ಲೆಕ್ಕ ಅದರಿಂದ ಬರಬೇಕು. ನಾನು ಬರೆದ ನಿಯಮ ಸರಳವಾಗಿತ್ತು: ಬಿಸಿಲಿನ ಕರೆಂಟ್ ಎರಡು ಕಿಲೋವಾಟ್ ದಾಟಿದರೆ ಬಾವಿಯ ಒಂದೂವರೆ ಎಚ್‌ಪಿ ಪಂಪು ಓಡಲಿ, ಹಿತ್ತಲ ತೆಂಗಿಗೆ ಹನಿ ನೀರು ಹೋಗಲಿ. ಇಳಿದರೆ ನಿಲ್ಲಲಿ.

ಎರಡನೇ ವಾರದಿಂದಲೇ ಸಂಪರ್ಕ ಕಡಿಯತೊಡಗಿತು. ಒಮ್ಮೆ ಎರಡು ನಿಮಿಷ, ಒಮ್ಮೆ ಎರಡು ಗಂಟೆ. ಕಡ್ಡಿ ಕಿತ್ತು ಹಾಕಿದರೆ ಸರಿಹೋಗುತ್ತಿತ್ತು, ಮರುದಿನ ಮತ್ತೆ ಅದೇ. ಸೋಲಾರ್ ಕೂಡಿಸಿಕೊಟ್ಟವರು ಎರಡು ಸಲ ಬಂದು ನೋಡಿ, ಇನ್ವರ್ಟರ್ ಚೆನ್ನಾಗಿದೆ ಎಂದು ಹೋದರು. ಫೋನಿನಲ್ಲಿ ದಿನದ ಗೆರೆ ಅಲ್ಲಲ್ಲಿ ಹರಿದು ತೂತಾಗಿ ಕಾಣುವುದು ನನಗೆ ಸಹಿಸಲಾಗಲಿಲ್ಲ. ಒಂದು ಸಂಜೆ ಕೂತು ಇನ್ನೊಂದು ಸಾಲು ಸೇರಿಸಿದೆ: ಹೊಸ ಸಂಖ್ಯೆ ಬಾರದಿದ್ದರೆ, ಕೊನೆಗೆ ಬಂದ ಸಂಖ್ಯೆಯನ್ನೇ ಹಿಡಿದಿಟ್ಟುಕೊ. ಗೆರೆ ನೇರವಾಯಿತು. ಸಮಸ್ಯೆ ಮುಗಿಯಿತೆಂದು ಎದ್ದು ಹೋದೆ.

ಆ ಒಂದು ಸಾಲೇ ಅಪ್ಪನ ಉಸಿರಿಗೆ ಅಡ್ಡ ಬಂದದ್ದು. ಆ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ ಕರೆಂಟ್ ಒಮ್ಮೆ ಹೋಗಿ ಬಂದಿತ್ತು. ಅಲ್ಲಿಗೆ ಸಂಪರ್ಕ ಕಡಿದಿತ್ತು. ಕೊನೆಗೆ ಬಂದ ಲೆಕ್ಕ ಬಿಸಿಲು 2.4 ಕಿಲೋವಾಟ್, ಬ್ಯಾಟರಿ ಶೇಕಡಾ 96. ಮೋಡ ಬಂತು, ಸಂಜೆಯಾಯಿತು, ಕತ್ತಲಾಯಿತು. ನನ್ನ ಪೆಟ್ಟಿಗೆಯ ಪಾಲಿಗೆ ಮಾತ್ರ ಇನ್ನೂ ಎರಡು ನಲವತ್ತರ ಬಿಸಿಲು. ಬಾವಿಯೊಳಗಿನ ಪಂಪು ಸದ್ದಿಲ್ಲದೆ ಓಡಿತು. ಹನಿ ನೀರಾವರಿಯಾದ್ದರಿಂದ ನೀರು ಉಕ್ಕಿ ಹರಿದು ಯಾರ ಕಣ್ಣಿಗೂ ಬೀಳಲಿಲ್ಲ. ಬಿಸಿಲು ಇಳಿದಂತೆ ಇನ್ವರ್ಟರ್ ಬ್ಯಾಟರಿಯಿಂದ ಕರೆಂಟ್ ತೆಗೆದು ಕೊಡುತ್ತಾ ಹೋಯಿತು. ರಾತ್ರಿ ಊಟದ ಹೊತ್ತಿಗೆ ಬ್ಯಾಟರಿ ತಳ ಕಂಡಿತ್ತು. ಕರೆಂಟ್ ಹೋದ ಮೇಲೆ ಫೋನ್ ತೋರಿಸಿದ್ದು ತನ್ನಲ್ಲಿ ಉಳಿದಿದ್ದ ಆ ಹಳೆಯ 96ನ್ನೇ.

ಎರಡು ದಿನ ಶೆಡ್ಡಿಗೆ ಹೋಗಲಿಲ್ಲ. ಮೂರನೆಯ ದಿನ ಹೋಗಿ ಮೊದಲ ಮಗ್ಗ ಓಡಿಸಿದೆ. ಲಾಳಿಯೊಳಗಿನ ದಾರ ಕಡಿಯಿತು, ಮಗ್ಗ ಟಕ್ಕನೆ ನಿಂತಿತು. ದಿನಕ್ಕೆ ಎಷ್ಟೋ ಸಲ ನಡೆಯುವ ಸಂಗತಿ. ಆ ದಿನ ಮಾತ್ರ ಕೈ ಅಲ್ಲೇ ನಿಂತಿತು. ಮಗ್ಗದ ಅಂಚಿನಲ್ಲಿ ಸಣ್ಣ ಹಲ್ಲುಗಳ ಒಂದು ಕವೆ ಇರುತ್ತದೆ, ನಾವು ಫೋರ್ಕು ಎನ್ನುತ್ತೇವೆ. ಹೊಕ್ಕಿನ ದಾರ ಬಂದು ಒತ್ತಿದರೆ ಫೋರ್ಕು ಓರೆಯಾಗಿ, ಹಿಂದಿನ ಕೊಕ್ಕೆಯಿಂದ ತಪ್ಪಿಸಿಕೊಳ್ಳುತ್ತದೆ. ದಾರ ಇಲ್ಲದಿದ್ದರೆ ಕೊಕ್ಕೆಗೆ ಸಿಕ್ಕಿಬೀಳುತ್ತದೆ, ಹಿಡಿ ಹಿಂದಕ್ಕೆ ಸರಿದು ಮಗ್ಗ ನಿಲ್ಲುತ್ತದೆ. ದಾರ ಕಡಿದಿದೆ ಎಂದು ಯಾರೂ ಮಗ್ಗಕ್ಕೆ ಬಂದು ಹೇಳಬೇಕಿಲ್ಲ. ದಾರ ಇದೆ ಎಂಬ ಸಾಕ್ಷಿ ಮತ್ತೆ ಮತ್ತೆ ಸಿಗುತ್ತಿದ್ದರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ ವಸ್ತು ಇದು. ನನ್ನ ಮನೆಯ ಯಂತ್ರಕ್ಕೆ ಇದ್ದ ಫೋರ್ಕನ್ನು ನಾನೇ ಕಳಚಿ ಇಟ್ಟಿದ್ದೆ. ಎಳೆ ಕಡಿದ ಮೇಲೂ ಹತ್ತು ಗಂಟೆ ಹೊತ್ತು ಅದು ಬರಿಯ ಹಾಸನ್ನು ಬಡಿದಿತ್ತು.

ಅಂದೇ ಆ ಸಾಲು ಅಳಿಸಿದೆ. ಆದರೆ ಸಂಪರ್ಕ ಯಾಕೆ ಕಡಿಯುತ್ತದೆ ಎಂಬುದು ಹಾಗೇ ಉಳಿದಿತ್ತು. ಅಪ್ಪನ ಹಳೆಯ ಪುಸ್ತಕ ಹುಡುಕಿ ತೆಗೆದೆ. ಯಾವ ಮಗ್ಗ ಎಷ್ಟು ಹೊತ್ತಿಗೆ ನಿಂತಿತು, ಏನು ಮಾಡಿದಾಗ ಓಡಿತು ಎಂದು ಅವರು ವರ್ಷಗಟ್ಟಲೆ ಬರೆದ ಲೆಕ್ಕ. ಅದರಂತೆಯೇ ಗೆರೆ ಎಳೆದು ಬರೆಯತೊಡಗಿದೆ: ತಾರೀಕು, ವಾರ, ಗಂಟೆ, ಎಷ್ಟು ಹೊತ್ತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು. ಕಡ್ಡಿಯನ್ನು ಕೀಳದೆ, ಏನನ್ನೂ ಬದಲಿಸದೆ ಮೂರು ವಾರ ಬರೆದೆ. 31 ಸಲ ಕಡಿದಿತ್ತು.

ಒಟ್ಟಿಗೆ ನೋಡಿದಾಗ ಇದು ಒಂದು ರೋಗವಲ್ಲ, ಮೂರು ಎಂದು ತಿಳಿಯಿತು.

ಹನ್ನೊಂದು ಸಲ ಕರೆಂಟ್ ಹೋಗಿ ಬಂದ ಬೆನ್ನಿಗೇ ಕಡಿದಿತ್ತು. ರೌಟರ್ ಸತ್ತು ಎದ್ದಾಗ ಮನೆಯ ಪ್ರತಿ ಯಂತ್ರಕ್ಕೂ ಹೊಸದಾಗಿ ವಿಳಾಸ ಹಂಚುತ್ತದೆ. ಕಡ್ಡಿಗೆ ಬೇರೆ ವಿಳಾಸ ಬಿದ್ದಿರುತ್ತಿತ್ತು, ನನ್ನ ಪೆಟ್ಟಿಗೆ ಹಳೆಯ ಬಾಗಿಲನ್ನೇ ತಟ್ಟುತ್ತಿತ್ತು. ರೌಟರಿನಲ್ಲಿ ಆ ಕಡ್ಡಿಗೆಂದೇ ಒಂದು ವಿಳಾಸ ಕಾಯ್ದಿರಿಸಿದೆ. ಐದು ನಿಮಿಷದ ಕೆಲಸ. ಅಪ್ಪನನ್ನು ಆ ರಾತ್ರಿಗೆ ತಂದು ನಿಲ್ಲಿಸಿದ್ದು ಈ ಬಗೆಯ ಕಡಿತವೇ.

ಹದಿಮೂರು ಸಲ ಕಡಿದದ್ದಕ್ಕೆ ಹೊತ್ತುಗೊತ್ತು ಇರಲಿಲ್ಲ. ನೋಡುತ್ತಾ ಹೋದಂತೆ ಹೆಚ್ಚಿನವು ತಮ್ಮನೋ ನಾನೋ ತಯಾರಕರ ಆಪ್ ತೆರೆದ ನಿಮಿಷಕ್ಕೆ ಹೊಂದಿದವು. ಇನ್ವರ್ಟರ್ ಮಾತಾಡುವ ಭಾಷೆ ಮಾಡ್‌ಬಸ್. 1979ರಲ್ಲಿ ಕಾರ್ಖಾನೆಯ ಯಂತ್ರಗಳಿಗಾಗಿ ಮಾಡಿದ್ದು. ಅದರ ಮೂಲ ಶಿಸ್ತು ಇಷ್ಟೇ: ಕೇಳುವವನು ಒಬ್ಬನೇ, ಉಳಿದವರು ಕೇಳಿದಾಗ ಮಾತ್ರ ಉತ್ತರ ಕೊಡಬೇಕು. ನಮ್ಮ ಕಡ್ಡಿ ಒಂದು ಕಡೆ ತಯಾರಕರ ದೂರದ ಕಂಪ್ಯೂಟರಿಗೆ ಲೆಕ್ಕ ಕಳಿಸಬೇಕು, ಇನ್ನೊಂದು ಕಡೆ ಐದು ಸೆಕೆಂಡಿಗೊಮ್ಮೆ ನಾನು ಕೇಳುತ್ತಿದ್ದೆ. ನಡುವೆ ಆಪ್ ಬಂದು ಕೇಳಿದರೆ ಕಡ್ಡಿ ಯಾರಿಗೂ ಉತ್ತರಿಸದೆ ಮೂಕವಾಗುತ್ತಿತ್ತು. ನಾನು ಮೂವತ್ತು ಸೆಕೆಂಡಿಗೊಮ್ಮೆ ಮಾತ್ರ, ಒಂದು ಉತ್ತರ ಪೂರ್ತಿ ಬಂದ ಮೇಲೇ ಮುಂದಿನ ಪ್ರಶ್ನೆ ಕೇಳುವಂತೆ ಬದಲಿಸಿದೆ. ಆಪ್ ನೋಡುವುದನ್ನು ಇಬ್ಬರೂ ಬಿಟ್ಟೆವು. ಬಿಸಿಲಿನ ಲೆಕ್ಕ ಐದು ಸೆಕೆಂಡಿಗೊಮ್ಮೆ ತಿಳಿದು ನನಗೆ ಆಗಬೇಕಾದದ್ದು ಏನೂ ಇರಲಿಲ್ಲ.

ಐದು ಸಲದ್ದು ಎಲ್ಲಕ್ಕಿಂತ ಕಾಡಿಸಿತು. ಐದೂ ಭಾನುವಾರ, ಐದೂ ಹನ್ನೊಂದರಿಂದ ಎರಡರೊಳಗೆ, ಒಳ್ಳೆ ಬಿಸಿಲಿನಲ್ಲಿ. ಭಾನುವಾರಕ್ಕೂ ವೈಫೈಗೂ ಏನು ನಂಟು? ಪುಸ್ತಕ ತೆರೆದು ಕೂತಿದ್ದಾಗ ಅಮ್ಮ ತರಕಾರಿ ಹೆಚ್ಚುತ್ತಾ, "ಭಾನುವಾರ ಫ್ಯಾನ್ ಯಾವಾಗ್ಲೂ ಜೋರಾಗೇ ತಿರುಗ್ತದೆ" ಎಂದಳು. ಮುಂದಿನ ಭಾನುವಾರ ಮೀಟರ್ ಹಿಡಿದು ಕಾದೆ. ವಾರದ ದಿನ ಮಧ್ಯಾಹ್ನ 225ರ ಆಸುಪಾಸು ಇರುವ ವೋಲ್ಟೇಜ್ ಅಂದು 250 ದಾಟಿತ್ತು. ಭಾನುವಾರ ಊರಿನ ಮಗ್ಗಗಳೆಲ್ಲ ನಿಂತಿರುತ್ತವೆ. ಕರೆಂಟ್ ತಿನ್ನುವವರಿಲ್ಲ, ಮಾಳಿಗೆ ಮಾಳಿಗೆಯಿಂದ ಸೋಲಾರ್ ಮಾತ್ರ ತಂತಿಗೆ ಸುರಿಯುತ್ತಿರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಇನ್ವರ್ಟರ್ ತನ್ನ ಕಾವಲಿಗೆ ತಂತಿಯಿಂದ ಬಿಡಿಸಿಕೊಳ್ಳುತ್ತದೆ, ಸ್ವಲ್ಪ ಕಾದು ಮತ್ತೆ ಸೇರುತ್ತದೆ. ಹಾಗೆ ಬಿಟ್ಟು ಸೇರುವ ಗಡಿಬಿಡಿಯಲ್ಲಿ ಕಡ್ಡಿಯೂ ನಿಂತು ಏಳುತ್ತಿತ್ತು. ಅಂದರೆ ಈ ಐದು ಸಲ ವೈಫೈ ಮೇಲೆ ತಪ್ಪಿರಲೇ ಇಲ್ಲ, ನಿಜವಾಗಿ ಇನ್ವರ್ಟರಿಗೂ ತಂತಿಗೂ ಇದ್ದ ನಂಟೇ ಕಡಿದಿತ್ತು. ಮೀಟರಿನ ಓದು, ಗಂಟೆ ಎಲ್ಲ ಬರೆದು ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟೆ. ಎರಡನೇ ಅರ್ಜಿಯ ಮೇಲೆ ಲೈನಿನವರು ಬಂದು ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಇಳಿಸಿ ಹೋದರು. ಈಗ ಭಾನುವಾರದ ಪಂಪು ಮಧ್ಯಾಹ್ನಕ್ಕೇ ಇಟ್ಟಿದ್ದೇನೆ. ನಮ್ಮ ಕರೆಂಟನ್ನು ನಾವೇ ಬಳಸಿದಷ್ಟೂ ತಂತಿಯ ಮೇಲಿನ ಒತ್ತಡ ಇಳಿಯುತ್ತದೆ.

ಉಳಿದ ಎರಡು ಸಲದ ಕಾರಣ ನನಗೆ ಇಂದಿಗೂ ಸಿಕ್ಕಿಲ್ಲ. ಆ ಎರಡು ಸಾಲುಗಳೇ ನನಗೆ ಹೆಚ್ಚು ಕಲಿಸಿದವು. ಎಷ್ಟು ಸರಿಮಾಡಿದರೂ ಎಳೆ ಎಂದಾದರೊಮ್ಮೆ ಕಡಿದೇ ಕಡಿಯುತ್ತದೆ. ಆದ್ದರಿಂದ ಕಡಿದಾಗ ಏನಾಗಬೇಕು ಎಂಬುದನ್ನು ಮೊದಲು ಬರೆಯಬೇಕು. ಈಗ ಐದು ನಿಮಿಷ ಹೊಸ ಲೆಕ್ಕ ಬಾರದಿದ್ದರೆ ಪಂಪು ತಾನೇ ನಿಲ್ಲುತ್ತದೆ. ಫೋನಿನಲ್ಲಿ ಸಂಖ್ಯೆಯ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರುತ್ತದೆ, ಜೊತೆಗೆ ಕೊನೆಯ ಲೆಕ್ಕ ಎಷ್ಟು ಹೊತ್ತಿನದು ಎಂಬುದೂ ಇರುತ್ತದೆ. ಬ್ಯಾಟರಿಯ ಶೇಕಡಾ 60 ಭಾಗ ಅಪ್ಪನ ಯಂತ್ರಕ್ಕೆ ಮೀಸಲು. ಆ ಮಿತಿಯನ್ನು ಇನ್ವರ್ಟರಿನಲ್ಲೇ ಕಟ್ಟಿದ್ದೇನೆ, ನನ್ನ ಪೆಟ್ಟಿಗೆಗೆ ಅದನ್ನು ಮುಟ್ಟುವ ಅಧಿಕಾರವಿಲ್ಲ. ಸಿಲಿಂಡರ್ ಒಂದಿದ್ದದ್ದು ಎರಡಾಗಿದೆ. ಪ್ರತಿ ತಿಂಗಳ ಮೊದಲ ದಿನ ಮೇನ್ ಸ್ವಿಚ್ಚು ಆರಿಸಿ, ಕತ್ತಲಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುತ್ತೇವೆ. ಮನೆಯಲ್ಲಿ ಉಸಿರಿನ ಯಂತ್ರ ಇಟ್ಟುಕೊಂಡವರು ದಯವಿಟ್ಟು ಇಷ್ಟನ್ನಾದರೂ ಮಾಡಿ.

ಮೊನ್ನೆ ಅಕ್ಟೋಬರ್ ಮಳೆಯ ಸಂಜೆ ಮತ್ತೊಮ್ಮೆ ಕಡಿಯಿತು. ಪಂಪು ನಿಂತಿತು, ಫೋನ್ ‘ಗೊತ್ತಿಲ್ಲ’ ಎಂದಿತು. ನಾನು ಎದ್ದು ಹೋಗಿ ಇನ್ವರ್ಟರಿನ ಪರದೆಯನ್ನು ಕಣ್ಣಾರೆ ನೋಡಿದೆ. ಶೇಕಡಾ 88. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು, ಯಂತ್ರ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಪುಸ್ತಕ ತೆಗೆದು ತಾರೀಕು, ವಾರ, ಗಂಟೆ ಬರೆದೆ. ಕಾರಣದ ಜಾಗ ಖಾಲಿ ಬಿಟ್ಟೆ.