ಗಾಯಕ್ಕೊಂದು ನವಿರು ಹೊದಿಕೆ

ಸುಟ್ಟಗಾಯಗಳಿಂದ ನರಳುವವರಿಗೆ ಕಟ್ಟು ಬಿಚ್ಚುವ ಗಳಿಗೆ ಬಹಳ ಕಠಿನವಾದುದು. ರಕ್ತ ಕೀವುಗಳಲ್ಲಿ ತೊಯ್ದು ಒಣಗಿದ ಹತ್ತಿಬಟ್ಟೆ ಮಾಂಸಕ್ಕೆ ಅಂಟಿಕೊಂಡಿರುತ್ತದೆ. ಎಳೆದರೆ ಆಗತಾನೆ ಮೂಡಿದ ಎಳೆಯ ಚರ್ಮವೂ ಕಿತ್ತುಬರುತ್ತದೆ. ಮಾಯುತ್ತಿದ್ದ ಗಾಯ ಮತ್ತೆ ಹಸಿಯಾಗುತ್ತದೆ.

ಗಾಯ ಒಣಗಿ ಹಕ್ಕಳೆ ಕಟ್ಟಿದರೇ ಮಾಯುವುದೆಂಬುದು ಬಹುಕಾಲದ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಈ ನಂಬಿಕೆಯನ್ನು ಅಲುಗಿಸಿದನು. ಹಂದಿಗಳ ಮೈಮೇಲಿನ ಕೆಲವು ಗಾಯಗಳನ್ನು ಆತ ಪಾಲಿಥೀನ್ ಹಾಳೆಯಿಂದ ಮುಚ್ಚಿದನು. ಉಳಿದವನ್ನು ಗಾಳಿಗೆ ಬಿಟ್ಟನು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಹಬ್ಬಿತು. ಒಣ ಹಕ್ಕಳೆಯ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕಾದ ಜೀವಕೋಶಗಳು ತೇವವಿದ್ದೆಡೆ ಸರಾಗವಾಗಿ ಮುಂದುವರಿದಿದ್ದವು.

ತೇವವನ್ನು ಕಾಯಬೇಕು, ಗಾಳಿಯಾಡಬೇಕು, ರೋಗಾಣುಗಳನ್ನು ತಡೆಯಬೇಕು, ಮದ್ದನ್ನೂ ಉಣಿಸಬೇಕು. ಇಷ್ಟನ್ನು ಒಂದೇ ಬಟ್ಟೆಯಿಂದ ಬಯಸುವುದು ಅತಿಯಾಸೆಯೇ ಸರಿ. ಆದರೂ ನ್ಯಾನೋ ನೂಲಿನ ಹೊದಿಕೆಯಿಂದ ವಿಜ್ಞಾನಿಗಳು ಬಯಸುತ್ತಿರುವುದು ಇದನ್ನೇ.

ಈ ನೂಲುವಿಕೆಗೆ ರಾಟೆಯೂ ಬೇಡ, ಕದಿರೂ ಬೇಡ. ಉಜ್ಜಿದ ಅಂಬರದ ತುಂಡನ್ನು ನೀರಹನಿಯ ಬಳಿ ಹಿಡಿದರೆ ಹನಿ ಶಂಕುವಿನಂತೆ ಮೇಲೇಳುವುದೆಂದು 1600ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಬರೆದಿದ್ದನು. ಆ ಸೆಳೆತವೇ ಇಲ್ಲಿಯೂ ನೂಲುಗಾರ. ಜೆಲಟಿನ್‌ನಂಥ ವಸ್ತುವಿನ ದ್ರಾವಣವನ್ನು ಪಿಚಕಾರಿಯಲ್ಲಿ ತುಂಬಿ, ಅದರ ಸೂಜಿಗೆ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಕೊಡುತ್ತಾರೆ. ಸೂಜಿಯ ತುದಿಯ ಹನಿ ಮೊನಚಾಗಿ, ಅದರಿಂದ ಸಣ್ಣ ಎಳೆಯೊಂದು ಚಿಮ್ಮುತ್ತದೆ. ಚಾಟಿಯಂತೆ ಬಳುಕುತ್ತ ಹಿಗ್ಗುತ್ತದೆ. ದ್ರಾವಕ ಗಾಳಿಯಲ್ಲಿಯೇ ಆರಿಹೋಗಿ, ಕೂದಲಿನ ನೂರರಲ್ಲೊಂದು ಪಾಲಿನಷ್ಟು ತೆಳುವಾದ ನೂಲು ಎದುರಿನ ತಗಡಿನ ಮೇಲೆ ಹಾಸಿಕೊಳ್ಳುತ್ತದೆ. ಇದರ ಸಂದುಗಳಲ್ಲಿ ಗಾಳಿಯೂ ನೀರಾವಿಯೂ ಸುಳಿದಾಡುತ್ತವೆ; ಬ್ಯಾಕ್ಟೀರಿಯಗಳಿಗೆ ಮಾತ್ರ ದಾರಿ ಸುಲಭವಲ್ಲ.

ಇನ್ನು ಮದ್ದಿನ ಮಾತು. ಗಾಯಕ್ಕೆ ಅರಿಶಿನ ಒತ್ತುವುದನ್ನು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಇದೇ ಬಳಕೆಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಬರಹಗಳ ಸಾಕ್ಷ್ಯವನ್ನು ಮುಂದಿಟ್ಟು ಹೋರಾಡಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಹಾಗೆಂದು ಅಂಗಡಿಯ ಪುಡಿಯನ್ನು ತೆರೆದ ಗಾಯಕ್ಕೆ ತುಂಬುವುದು ಜಾಣತನವಲ್ಲ. ಅದರಲ್ಲಿ ಧೂಳಿರಬಹುದು, ಬಣ್ಣಕ್ಕಾಗಿ ಬೆರೆಸಿದ ಸೀಸದ ವಿಷವೂ ಇರಬಹುದು. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಅಪರೂಪ, ಬೆಳಕಿಗೆ ಬೇಗ ಕೆಡುತ್ತದೆ. ಅದನ್ನು ನೂಲುವ ದ್ರಾವಣದಲ್ಲಿಯೇ ಬೆರೆಸಿದರೆ ಎಳೆಯೆಳೆಯಲ್ಲಿಯೂ ಸೇರಿಕೊಂಡು, ಗಾಯದ ತೇವಕ್ಕೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ.

ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥ ಹೊದಿಕೆಗಳಿಂದ ಗಾಯ ಬೇಗ ಮಾಯ್ದುದುಂಟು. ಇಲಿಯ ಚರ್ಮ ಸುತ್ತಲಿನಿಂದ ಸುಕ್ಕುಗಟ್ಟಿ ಗಾಯವನ್ನು ಮುಚ್ಚುತ್ತದೆ. ಮನುಷ್ಯನದು ಅಷ್ಟು ಸುಲಭವಾಗಿ ಹಾಗೆ ಮುಚ್ಚುವುದಿಲ್ಲ. ಆದುದರಿಂದ ಮನುಷ್ಯರ ಮೇಲಿನ ಪರೀಕ್ಷೆಗಳು ವಿಸ್ತಾರವಾಗಿ ನಡೆಯಬೇಕಾಗಿದೆ. ಮಧುಮೇಹಿಗಳ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಅಂಥವರಿಗಾಗಿ ಹುಡುಕುತ್ತಿರುವ ಹೊದಿಕೆಗಳಲ್ಲಿ ಜೆಲಟಿನ್ ನೂಲಿನವೂ ಇವೆ. ಅವು ಮೈಯಲ್ಲಿ ತಾವಾಗಿಯೇ ಕರಗುತ್ತವೆ. ಕಿತ್ತು ತೆಗೆಯಬೇಕಾದ ಬಟ್ಟೆಯೇ ಉಳಿಯುವುದಿಲ್ಲ.