ಅಣ್ಣನ ಹೂವಿನ ಶರ್ಟು

ನಿಮ್ಮ ಮನೆಯ ಬೀರುವನ್ನು ಒಮ್ಮೆ ತೆಗೆದು ನೋಡಿ. ನಮ್ಮ ಪಾಲಿನ ಕಡೆ ಕೆಂಪು, ಹಸಿರು, ಅರಿಶಿನ, ನೇರಳೆ, ಥೇಟ್ ಸಂತೆ ನೆರೆದ ಹಾಗೆ! ಗಂಡಸರ ಕಡೆಯೋ? ಬಿಳಿ, ಬೂದಿ, ಬಿಸ್ಕತ್ತು ಬಣ್ಣ, ಹೆಚ್ಚೆಂದರೆ ಒಂದು ನೀಲಿ ಗೆರೆ. ಹಾಸನದ ನಮ್ಮ ಮನೆಯ ಬೀರುವೂ ಹೀಗೆಯೇ ಇತ್ತು, ಹೋದ ತಿಂಗಳವರೆಗೆ.

ಹೋದ ತಿಂಗಳು ಮಗ ಗೆಳೆಯರ ಜೊತೆ ಗೋವಾಕ್ಕೆ ಹೋಗುತ್ತೇನೆಂದು ಒಂದು ಶರ್ಟು ತಂದ. ಕಡುನೀಲಿ ನೆಲ, ಅದರ ಮೇಲೆ ಅಂಗೈ ಅಗಲದ ಕೆಂಪು ದಾಸವಾಳ, ನಡುನಡುವೆ ತೆಂಗಿನ ಗರಿ. ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು, "ಹೇಗಿದೆ ಅಮ್ಮಾ?" ಅಂದ. ನಾನು ಒಗ್ಗರಣೆ ಸೌಟು ಹಿಡಿದೇ, "ಇದೇನೋ, ನನ್ನ ನೈಟಿ ಬಟ್ಟೇಲಿ ಶರ್ಟು ಹೊಲಿಸ್ಕೊಂಡಿದ್ದೀಯಾ?" ಅಂದುಬಿಟ್ಟೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗ ನಗಲಿಲ್ಲ. ಸುಮ್ಮನೆ ಒಳಗೆ ಹೋಗಿ ಶರ್ಟು ಬಿಚ್ಚಿ, ಮಡಿಸಿ, ಕವರಿಗೆ ವಾಪಸು ಹಾಕಿದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆ ಗೊತ್ತೇ? ಆ ಮಾತು ನನ್ನದಲ್ಲ, ನಮ್ಮ ಅಪ್ಪನದು.

ನನ್ನ ತವರು ಹೊಳೆನರಸೀಪುರ. 1996ರ ಜೂನ್ ಒಂದನೇ ತಾರೀಕು ನಮ್ಮ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಮಂತ್ರಿಯಾದರು. ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಅವರನ್ನು ಟಿ.ವಿ.ಯಲ್ಲಿ ಕಂಡು ನಮ್ಮಪ್ಪನಂಥವರೆಲ್ಲ ಹಿಗ್ಗಿದ್ದೇ ಹಿಗ್ಗು. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ, ಪಕ್ಕದ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದೆ. ಅಣ್ಣನಿಗೆ ಸಿನಿಮಾದಲ್ಲಿ ನೋಡಿದಂಥ ಹೂವಿನ ಶರ್ಟು ಬೇಕೆಂಬ ಆಸೆ, ಕೈಯಲ್ಲಿ ಕಾಸಿಲ್ಲ. ನನ್ನ ಲಂಗಕ್ಕೆಂದು ತಂದಿದ್ದ ಬಟ್ಟೆ ಇತ್ತು, ಹಸಿರಿನ ಮೇಲೆ ಕಿತ್ತಳೆ ಬಣ್ಣದ ದೊಡ್ಡ ಹೂವು. ಅದನ್ನೇ ಕತ್ತರಿಸಿ ನಾಲ್ಕು ದಿನದಲ್ಲಿ ಹೊಲಿದು ಕೊಟ್ಟೆ. ನಾನು ಹೊಲಿದ ಮೊದಲನೇ ಶರ್ಟು ಅದು.

ಅಣ್ಣ ಅದನ್ನು ಹಾಕಿಕೊಂಡು ಅರಕಲಗೂಡಿನ ಅತ್ತೆ ಮನೆಗೆ ಹೊರಟಿದ್ದ. ಅಪ್ಪ ಜಗುಲಿಯಲ್ಲಿ ಕೂತಿದ್ದರು. "ನಮ್ಮ ತಾಲ್ಲೂಕಿನೋರು ಬಿಳಿ ಪಂಚೆ ಉಟ್ಕೊಂಡು ದಿಲ್ಲಿಗೆ ಹೋಗವ್ರೆ. ನೀನು ಹೆಂಗಸರ ಬಟ್ಟೆ ಹಾಕ್ಕೊಂಡು ಬೀದಿ ಸುತ್ತೋಕೆ ಹೊರಟಿದ್ದೀಯಲ್ಲೋ! ಯಾರು ಹೊಲಿದ್ರು ಇದನ್ನ?" ಅಣ್ಣ ಒಂದು ಸಲ ನನ್ನ ಕಡೆ ನೋಡಿದ. "ನಾನೇ ಅಪ್ಪಾ" ಅನ್ನಬಹುದಿತ್ತು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಅಣ್ಣ ನನ್ನ ಹೆಸರು ಹೇಳಲಿಲ್ಲ. ವಾರ ಕಳೆಯುವುದರೊಳಗೆ ಆ ಶರ್ಟು ಒಲೆಯ ಪಕ್ಕ ಮಸಿಬಟ್ಟೆಯಾಗಿತ್ತು. ಅಣ್ಣ ಮತ್ತೆಂದೂ ಬಣ್ಣದ ಅಂಗಿ ಹಾಕಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾನೆ. ಇವತ್ತಿಗೂ ಬಿಳಿ, ಇಲ್ಲವೇ ಬೂದಿ.

ಮಾರನೆಯ ದಿನ ಮಗನನ್ನು ಹತ್ತಿರ ಕೂರಿಸಿಕೊಂಡು, "ಈ ಶರ್ಟಿನ ಕತೆ ಏನು, ಹೇಳಪ್ಪ" ಅಂದೆ. ಅವನು ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ನಿಮಗೂ ಹೇಳುತ್ತೇನೆ.

ಇದರ ತವರು ಪೆಸಿಫಿಕ್ ಸಮುದ್ರದ ನಡುವಿನ ಹವಾಯಿ ದ್ವೀಪಗಳು. ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗೆಂದು ಚೀನಾ, ಜಪಾನು, ಫಿಲಿಪ್ಪೀನ್ಸಿನಿಂದ ಜನ ಬಂದು ನೆಲೆಸಿದರು. 1930ರ ದಶಕದಲ್ಲಿ ಹೊನೊಲುಲು ಪಟ್ಟಣದ ದರ್ಜಿಗಳು ಜಪಾನಿನ ಕಿಮೋನೋ ಬಟ್ಟೆಯಲ್ಲಿ ಗಂಡಸರಿಗೆ ಅರ್ಧ ತೋಳಿನ ಶರ್ಟು ಹೊಲಿಯತೊಡಗಿದರು. 1935ರಲ್ಲಿ ಮುಸಾಶಿಯಾ ಎಂಬ ಅಂಗಡಿ 'ಅಲೋಹಾ ಶರ್ಟು' ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಅಲೋಹಾ ಅಂದರೆ ಅವರ ಭಾಷೆಯಲ್ಲಿ ಪ್ರೀತಿ. ಬಂದವರಿಗೂ ಅದೇ ಮಾತು, ಹೊರಟವರಿಗೂ ಅದೇ. ಇದರಲ್ಲಿ ನಮ್ಮವರ ಪಾಲೂ ಇದೆ! ಸಿಂಧ್ ಪ್ರಾಂತ್ಯದಿಂದ ಹೋಗಿ ಅಲ್ಲಿ ಅಂಗಡಿ ಇಟ್ಟಿದ್ದ ವಾಟುಮಲ್ ಮನೆತನದವರು 1936ರ ಹೊತ್ತಿಗೆ ಎಲ್ಸಿ ದಾಸ್ ಎಂಬ ಚಿತ್ರಕಾರ್ತಿಯಿಂದ ದ್ವೀಪದ ಹೂಗಳ ಚಿತ್ರ ಬರೆಸಿ, ಜಪಾನಿನಲ್ಲಿ ರೇಷ್ಮೆಯ ಮೇಲೆ ಅಚ್ಚು ಹಾಕಿಸಿ ತರಿಸಿದರು.

ಅಲ್ಲಿಯೂ ದೊಡ್ಡವರು ಒಪ್ಪಲು ಬಹಳ ವರ್ಷ ಬೇಕಾಯಿತು. ಕಚೇರಿಗೆ ಕೋಟು, ಟೈ ಬಿಟ್ಟು ಬೇರೆ ಹಾಕುವಂತಿರಲಿಲ್ಲ. 1962ರಲ್ಲಿ ಅಲ್ಲಿನ ಶಾಸಕರಿಗೆಲ್ಲ ಎರಡೆರಡು ಹೂವಿನ ಶರ್ಟು ಹಂಚಿ ಮನವೊಲಿಸಿದರಂತೆ! 1966ರಿಂದ ಶುಕ್ರವಾರ ಕೆಲಸಕ್ಕೆ ಈ ಶರ್ಟಿನಲ್ಲೇ ಹೋಗುವ ರೂಢಿ ಬಂತು.

ಅಂದಮೇಲೆ ಅಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಿಮೋನೋದಲ್ಲಿ ದೊಡ್ಡ ಹೂವಿನದು ಹೆಂಗಸರು, ಮಕ್ಕಳು ಉಡುವಂಥದ್ದೇ. ಆದರೆ ಅದರಲ್ಲಿ ಅವಮಾನವೇನಿದೆ, ನೀವೇ ಹೇಳಿ! ಮನೆಯೊಳಗೆ ಹೂವಿನ ಲುಂಗಿ ಉಟ್ಟು ಕಾಫಿ ಕುಡಿಯುವ ಗಂಡಸರು ಬೀದಿಯಲ್ಲಿ ಹೂವಿನ ಶರ್ಟು ಕಂಡರೆ ಯಾಕೆ ನಗಬೇಕು? ನಾವೂ ಯಾಕೆ ಅವರ ಜೊತೆ ಸೇರಿ ನಗಬೇಕು?

ಮಗನಿಗೆ, "ಹಾಕ್ಕೊಂಡು ಹೋಗಪ್ಪ, ಚೆನ್ನಾಗಿ ಕಾಣ್ತೀಯ" ಅಂದೆ. ಆಮೇಲೆ ಅಣ್ಣನಿಗೆ ಫೋನು ಮಾಡಿದೆ. "ಆ ಹಸಿರು ಶರ್ಟು ನಾನು ಹೊಲಿದಿದ್ದು ಅಂತ ಅವತ್ತು ಹೇಳ್ಬೇಕಿತ್ತು ಅಣ್ಣ. ಹೆದರಿಬಿಟ್ಟೆ" ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. "ಅಪ್ಪಂಗೆ ಗೊತ್ತಿತ್ತು ಕಣೇ. ನೀನು ಕಾಜಾ ಬಲಗಡೆ ಮಾಡಿದ್ದೆ, ಹೆಂಗಸರ ಬ್ಲೌಸಿನ ಥರ. ಅದನ್ನ ನೋಡಿದ ಮೇಲೂ ಇನ್ಯಾರು ಹೊಲಿದ್ರು ಅಂತ ಗೊತ್ತಾಗಲ್ವಾ?" ಅಪ್ಪ ಈಗಿಲ್ಲ. ಗೊತ್ತಿದ್ದೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಬೈಗುಳವನ್ನೆಲ್ಲ ಅಣ್ಣನೇ ತಿಂದ.

ಫೋನಿಡುವ ಮುಂಚೆ ಅವನೇ ಮೆಲ್ಲಗೆ, "ನನ್ನ ಎದೆ ಅಳತೆ ಈಗ ನಲವತ್ತೆರಡು ಕಣೇ" ಅಂದ.

ನೀವೂ ಹೊಲಿಯುವುದಾದರೆ ನನ್ನ ಅನುಭವದ ನಾಲ್ಕು ಮಾತು. ದೊಡ್ಡ ಹೂವಿನ ಬಟ್ಟೆಯನ್ನು ಅಳತೆಗಿಂತ ಕಾಲು ಮೀಟರು ಹೆಚ್ಚೇ ತನ್ನಿ. ಜೇಬಿನ ಹೂವು ಎದೆಯ ಹೂವಿಗೆ ಸರಿಯಾಗಿ ಕೂಡಿದರೇ ಚೆಂದ. ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ, ಬಟ್ಟೆ ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಕೆಳ ಅಂಚು ನೇರವಾಗಿರಲಿ, ಪಕ್ಕದಲ್ಲಿ ಸಣ್ಣ ಸೀಳು ಬಿಡಿ. ಇದು ಪ್ಯಾಂಟಿನೊಳಗೆ ಸೇರಿಸುವ ಶರ್ಟಲ್ಲ. ತಣ್ಣೀರಿನಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಹಾಕಿ.

ಹಸಿರಿನ ಮೇಲೆ ಕಿತ್ತಳೆ ಹೂವಿನ ಬಟ್ಟೆ ಹುಡುಕಿ ತಂದಿದ್ದೇನೆ. ಈ ಸಲ ಕಾಜಾ ಎಡಗಡೆಗೇ ಮಾಡುತ್ತೇನೆ.