ತಾನಾಗಿ ಚಿಮ್ಮುವ ನೀರು

ಬೇಸಗೆಯಲ್ಲಿ ಹೊಸ ಮಡಕೆಯ ನೀರು ತಂಪಾಗಿರುವುದನ್ನು ಅರಿಯದವರಾರು? ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಕಾವನ್ನೂ ತನ್ನೊಡನೆ ಕೊಂಡೊಯ್ಯುವುದು. ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸುತ್ತಿದ್ದ ನಮ್ಮ ಹಿರಿಯರು ಬಳಸಿದ್ದೂ ಇದೇ ತತ್ತ್ವವನ್ನು. ಇದು ಮೋಟಾರು ಗಾಡಿಯೊಂದರಲ್ಲಿ ಹೇಗೆ ಕೆಲಸಕ್ಕೆ ಬರುವುದೆಂಬುದನ್ನೂ, ಆ ಕೆಲಸವನ್ನು ನಮ್ಮ ಕೈಯಿಂದ ಬಿಡಿಸಿ ಯಂತ್ರಕ್ಕೆ ಏಕೆ ಒಪ್ಪಿಸಿದೆವೆಂಬುದನ್ನೂ ವಾಚಕರ ಮುಂದೆ ಇಡಬೇಕೆಂದಿರುವೆವು.

ನಾವಿರುವುದು ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ. ಇಲ್ಲಿನದು ಒಣ ಬೇಸಗೆ. ರಾಯಚೂರು ಬಳ್ಳಾರಿಗಳ ಕಡೆಯವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. 2019ನೆಯ ಇಸವಿ ಜನವರಿ 24ರಂದು ಈ ಊರಿನಲ್ಲಿ 46.6 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ನಮ್ಮ ಮನೆಯ ಗಾಡಿ ಟರ್ಬೊ ಇರುವ ಹಳೆಯದೊಂದು ಸುಬಾರು ಇಂಪ್ರೆಜಾ. 1995ರಿಂದ 1997ರವರೆಗೆ ಸತತವಾಗಿ ಮೂರು ವರ್ಷ ಜಾಗತಿಕ ರ‍್ಯಾಲಿ ಪಂದ್ಯಗಳಲ್ಲಿ ಸುಬಾರುವಿಗೆ ತಯಾರಕರ ಪ್ರಶಸ್ತಿಯನ್ನು ತಂದ ಕುಲದ್ದು. ನಮ್ಮಲ್ಲಿ ಮಾತ್ರ ಅದು ಮಗಳನ್ನು ಶಾಲೆಗೂ ತರಕಾರಿಯನ್ನು ಮನೆಗೂ ಸಾಗಿಸುತ್ತ ಸಂಸಾರಸ್ಥನಂತೆ ಬಾಳುತ್ತಿದೆ.

ಟರ್ಬೊ ಎಂಬುದು ಎಂಜಿನು ಹೊರಗೆ ಬಿಡುವ ಹೊಗೆಯ ರಭಸದಿಂದಲೇ ತಿರುಗುವ ಒಂದು ಚಕ್ರ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿಯವರು 1905ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟು ಪಡೆದಿದ್ದರು. ಚಕ್ರವು ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವುದರಿಂದ ಶಕ್ತಿ ಹೆಚ್ಚುವುದು. ಆದರೆ ಒತ್ತಿದ ಗಾಳಿ ಬಿಸಿಯಾಗದೆ ಇರದು. ಬೈಸಿಕಲ್ಲಿಗೆ ಗಾಳಿ ಹಾಕಿದವರು ಪಂಪಿನ ಬುಡವನ್ನು ಮುಟ್ಟಿ ನೋಡಿದ್ದರೆ ಇದು ತಿಳಿದೇ ಇರುವುದು. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ ಸುಮಾರು 120 ಡಿಗ್ರಿಯನ್ನು ಮುಟ್ಟುವುದುಂಟು. ಅಷ್ಟು ಕಾದ ಗಾಳಿ ಸಿಲಿಂಡರನ್ನು ಹೊಕ್ಕರೆ, ಕ್ರಮವಾಗಿ ಉರಿಯಬೇಕಾದ ಪೆಟ್ರೋಲು ಒಮ್ಮೆಗೇ ಸಿಡಿದು ಪಿಸ್ಟನ್ನಿಗೆ ಏಟು ಕೊಡುವುದು. ಈ ಏಟು ಬಲವಾದರೆ ಎಂಜಿನು ಉಳಿಯದು. ಆದುದರಿಂದಲೇ ನಡುವೆ ಇಂಟರ್‌ಕೂಲರ್ ಎಂಬ ಅಲ್ಯೂಮಿನಿಯಮ್ಮಿನ ಜಾಲರಿಯನ್ನು ಇಟ್ಟಿರುವರು. ಒಳಗೆ ಬಿಸಿಗಾಳಿ ಹರಿಯುವುದು, ಹೊರಗೆ ದಾರಿಯ ಗಾಳಿ ಬೀಸುವುದು. ಹೊರಗಾಳಿಯೇ ಕಾದಿರುವ ದಿನ ಸಹಾಯಕ್ಕೆ ಇರಲೆಂದು ಆ ಜಾಲರಿಯ ಮೇಲೆ ನೀರನ್ನು ಚಿಮ್ಮಿಸುವ ಏರ್ಪಾಡು ನಮ್ಮ ಗಾಡಿಯಲ್ಲಿ ಉಂಟು. ಗುಂಡಿಯೊಂದನ್ನು ಒತ್ತಿದರಾಯಿತು.

ಗುಂಡಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ತೊಡಕಿದ್ದುದು ಅದನ್ನು ಒತ್ತುವ ಕೈಯಲ್ಲಿ. ಊರಿನಿಂದ ಪೂರ್ವದ ಬೆಟ್ಟಗಳಿಗೆ ಹೋಗುವ ಹೆದ್ದಾರಿ ಗ್ಲೆನ್ ಆಸ್ಮಂಡಿನಿಂದ ಕ್ರಾಫರ್ಸ್‌ವರೆಗೆ ಒಂದೇ ಸಮನೆ ಏರುವುದು. ಭಾರ ಹೊತ್ತ ದೊಡ್ಡ ದೊಡ್ಡ ಲಾರಿಗಳು ಅಲ್ಲಿ ತೆವಳುತ್ತಿರುವುವು. ಅವನ್ನು ದಾಟಲೆಂದು ಕಾಲನ್ನು ಒತ್ತಿದ ಹೊತ್ತಿನಲ್ಲಿಯೇ ನೀರಿನ ಅಗತ್ಯ. ಎರಡು ಕೈಗಳೂ ಚಕ್ರದ ಮೇಲೆ ಇರಬೇಕಾದ ಹೊತ್ತೂ ಅದೇ. ಬೇಸಗೆ ಮೊದಲಾಗುವ ಮುನ್ನ ಈ ಮಾತು ಬಂದಾಗ ನಮ್ಮ ಮನೆಯವರು ಹೇಳಿದರು: “ರೀ, ಒಂದು ಕೈ ಗುಂಡಿಯ ಮೇಲಿದ್ದರೆ, ಲಾರಿ ಪಕ್ಕದಲ್ಲಿರುವಾಗ ನಾವು ಮೂವರೂ ನಿಮ್ಮ ಇನ್ನೊಂದು ಕೈಯನ್ನು ನಂಬಿ ಕೂತಿರಬೇಕು.” ಇದಕ್ಕೆ ಉತ್ತರವಿರಲಿಲ್ಲ.

ಅದೂ ಅಲ್ಲದೆ, ಕೈಗೆ ಅಳತೆ ತಿಳಿಯದು. 10 ಮಿಲಿಲೀಟರ್ ನೀರು ಪೂರ್ತಿಯಾಗಿ ಆವಿಯಾದರೆ ಹತ್ತಿರಹತ್ತಿರ 24 ಸಾವಿರ ಜೂಲ್ ಕಾವನ್ನು ಹೀರುವುದು. 4 ಕಿಲೋ ಅಲ್ಯೂಮಿನಿಯಮ್ಮನ್ನು 6 ಡಿಗ್ರಿಗೂ ಮೇಲೆ ತಣಿಸಲು ಅಷ್ಟು ಸಾಕು. ಅದೇ ನೀರು ಆವಿಯಾಗದೆ ಜಾಲರಿಯಿಂದ ಇಳಿದು ರಸ್ತೆಗೆ ಬಿದ್ದರೋ, ದಾರಿಯಲ್ಲಿ 30 ಡಿಗ್ರಿ ಕಾದಿದ್ದರೂ ಸಾಗಿಸಿದ ಕಾವು ಇಪ್ಪತ್ತರಲ್ಲಿ ಒಂದು ಪಾಲು. ಧಾರಾಳವಾಗಿ ಸುರಿಯುವುದೆಂದರೆ ಪೋಲು ಮಾಡುವುದೆಂದೇ ಅರ್ಥ. ಸಣ್ಣ ಹನಿಯಾಗಿ ಒಂದು ಕ್ಷಣ ಚಿಮ್ಮಬೇಕು, ಆರುವ ತನಕ ಸುಮ್ಮನಿರಬೇಕು, ಮತ್ತೆ ಚಿಮ್ಮಬೇಕು. ಬೆಟ್ಟ ಹತ್ತುತ್ತಿರುವ ಮನುಷ್ಯನಿಂದ ಇಂಥ ತಾಳ್ಮೆಯನ್ನು ನಿರೀಕ್ಷಿಸಲಾಗದು.

ಹೀಗೆ ತಾನಾಗಿ ಚಿಮ್ಮಿಸುವುದು ಹೊಸ ವಿಚಾರವೇನೂ ಅಲ್ಲ. ಮಿತ್ಸುಬಿಷಿಯವರ ಲ್ಯಾನ್ಸರ್ ಇವೊಲ್ಯೂಷನ್ನಿನ ಕೆಲವು ಮಾದರಿಗಳಲ್ಲಿ ಅಂಥ ಏರ್ಪಾಡು ಕಾರ್ಖಾನೆಯಿಂದಲೇ ಬರುತ್ತಿತ್ತು. ನಾವು ಯೋಚಿಸಬೇಕಾದುದು ಯಂತ್ರಕ್ಕೆ ಯಾವ ಸಾಕ್ಷಿಗಳನ್ನು ಒದಗಿಸಬೇಕೆಂಬುದನ್ನು. ಟರ್ಬೊದ ಒತ್ತಡವೊಂದೇ ಸಾಲದು. ಜಾಲರಿಯ ಲೋಹ ತಾನೇ ಒಂದಿಷ್ಟು ಕಾವನ್ನು ನುಂಗಿಕೊಳ್ಳಬಲ್ಲದಾದುದರಿಂದ, ನಾಲ್ಕು ಸೆಕೆಂಡಿನ ಓಟಕ್ಕೆ ನೀರು ಬೇಕಾಗಿಯೇ ಇಲ್ಲ. ಕಾವೊಂದೇ ಸಾಕ್ಷಿಯಾದರೆ ಸಿಗ್ನಲ್ಲಿನಲ್ಲಿ ನಿಂತಾಗಲೂ ನೀರು ಹರಿಯುವುದು. ಎಂಜಿನಿನ ಮೇಲೆಯೇ ಕುಳಿತಿರುವ ಈ ಜಾಲರಿ ನಿಂತಲ್ಲಿ ಬಿಸಿಯಾಗುವುದು ಸಹಜ. ಎರಡೂ ಸಾಕ್ಷಿಗಳು ಕೂಡಿ ನುಡಿದಾಗ ಮಾತ್ರ ಪಂಪು ಓಡಬೇಕೆಂದು ನಿರ್ಧರಿಸಿದೆವು.

ಇನ್ನೂ ಒಂದು ಸೂಕ್ಷ್ಮವಿತ್ತು. ಕಾವಿನ ಮಿತಿಯನ್ನು 45 ಡಿಗ್ರಿಯೆಂದು ಕಟ್ಟಿದೆವೆನ್ನಿ. ಹೊರಗೇ 46 ಇರುವ ದಿನ ಆ ಮಿತಿಗೆ ಏನರ್ಥ? ಆದುದರಿಂದ ಕಾವನ್ನು ಅಳೆಯುವ ಎರಡು ಮಣಿಗಳನ್ನು ತಂದು, ಒಂದನ್ನು ನೀರು ನೇರವಾಗಿ ತಾಗದಂತೆ ಜಾಲರಿಯ ಮೂಲೆಗೂ, ಮತ್ತೊಂದನ್ನು ಮುಂದಿನ ಬಂಪರಿನ ನೆರಳಿಗೂ ಕೂಡಿಸಿದೆವು. ಜಾಲರಿಯು ಹೊರಗಾಳಿಗಿಂತ 15 ಡಿಗ್ರಿ ಹೆಚ್ಚಾಗಿರಬೇಕು, ಟರ್ಬೊ ಗಾಳಿಯನ್ನು ಒತ್ತುತ್ತಿರಬೇಕು. ಆಗ ಒಂದು ಸಣ್ಣ ಚಿಪ್ಪು ರಿಲೇಯನ್ನು ಎಳೆದು ಪಂಪನ್ನು ಒಂದು ಸೆಕೆಂಡು ಓಡಿಸಿ, ಏಳು ಸೆಕೆಂಡು ಬಿಡುವು ಕೊಡುವುದು. ತೊಟ್ಟಿ ಬರಿದಾದಾಗ ಪಂಪು ಒಣಗಿ ಸುಡದಂತೆ ತಡೆಯಲು ತೇಲುವ ಸ್ವಿಚ್ಚೊಂದನ್ನು ಇಳಿಬಿಟ್ಟೆವು. ನಲ್ಲಿಯ ನೀರಿನ ಲವಣ ಜಾಲರಿಗೆ ಅಂಟದಿರಲೆಂದು ಮಳೆನೀರನ್ನೇ ಸೋಸಿ ತುಂಬುವೆವು. ಇಲ್ಲಿ ಅನೇಕರ ಮನೆಗಳಲ್ಲಿ ಸೂರಿನ ನೀರನ್ನು ಹಿಡಿಯುವ ದೊಡ್ಡ ತೊಟ್ಟಿಗಳು ಇರುವುದರಿಂದ ಅದಕ್ಕೆ ಕೊರತೆಯಿಲ್ಲ.

ಪಂಪು ಓಡಿದಾಗ ಮುಂದಿನ ಹಲಗೆಯಲ್ಲಿ ಹಸಿರು ದೀಪವೊಂದು ಮಿನುಗುವುದು. ಶಾಲೆಯ ದಾರಿಯಲ್ಲಿ ಅದು ಒಂದು ದಿನವೂ ಮಿನುಗಿಲ್ಲ. ಜನವರಿಯ ಒಂದು ಮಧ್ಯಾಹ್ನ ಬೆಟ್ಟವೇರುವಾಗ, ಅರ್ಧ ದಾರಿ ಸಾಗಿದ ಮೇಲೆ, ಲಾರಿಯೊಂದರ ಪಕ್ಕದಲ್ಲಿ ಅದು ಮೊದಲ ಬಾರಿ ಬೆಳಗಿತು. ದೀಪವನ್ನು ಕಂಡವರು ನಮ್ಮ ಮನೆಯವರು. ನಮ್ಮ ಕಣ್ಣು ರಸ್ತೆಯ ಮೇಲಿತ್ತು, ಕೈಗಳೆರಡೂ ಚಕ್ರದ ಮೇಲಿದ್ದುವು.

ಹಳೆಯ ಗುಂಡಿಯನ್ನು ಕಿತ್ತುಹಾಕಿಲ್ಲ. ನೀರಿನ ತೂತುಗಳು ಕಟ್ಟಿಕೊಂಡಿವೆಯೋ ಎಂದು ಪರೀಕ್ಷಿಸಲು, ಗಾಡಿ ಅಂಗಳದಲ್ಲಿ ನಿಂತಿರುವಾಗ, ತಿಂಗಳಿಗೊಮ್ಮೆ ಒತ್ತುವುದುಂಟು. ಮಗಳು ಬಾನೆಟ್ಟಿನ ಬಾಯಿಯಲ್ಲಿ ಇಣುಕಿ ನೋಡಿ, “ಅಪ್ಪಾ, ಎರಡೂ ಕಡೆ ಬರ್ತಾ ಇದೆ” ಎಂದು ಕೂಗುವಳು.